ಸಬ್‌ಸನ್ನೇಷನ್: ಬಾಯಿ ಬಿಡದೆ ಮಾಡುವ ಅಣಕಕ್ಕೊಂದು ಹಳೆಯ ಹೆಸರು

ಒಬ್ಬರು ಮಾತಾಡುತ್ತಿದ್ದಾರೆ. ಎದುರಿಗೆ ಕೂತವರು ಒಂದು ಮಾತೂ ಆಡುವುದಿಲ್ಲ. ಮೂಗಿನ ಒಂದು ಹೊಳ್ಳೆ ಸ್ವಲ್ಪ ಮೇಲೇಳುತ್ತದೆ. ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಆಮೇಲೆ ಪಕ್ಕದವರ ಕಡೆ ಒಂದು ನೋಟ. ಅಷ್ಟೇ, ಒಂದು ಕ್ಷಣದಲ್ಲಿ ಎಲ್ಲ ಮುಗಿಯಿತು. ಮಾತಾಡುತ್ತಿದ್ದವರಿಗೆ ಮಾತ್ರ ಮುಂದಿನ ವಾಕ್ಯ ಹೊಳೆಯುವುದಿಲ್ಲ.

ಇಲ್ಲಿ ಬೈಗುಳವಿಲ್ಲ, ಚುಚ್ಚುಮಾತಿಲ್ಲ. ಆದರೂ ಅವಮಾನ ಆಗಿದೆ. ಇಂಥ ಅಣಕಕ್ಕೆ ಹೊಂದುವ ಪದವೊಂದು ಇಂಗ್ಲಿಷಿನಲ್ಲಿತ್ತು: ಸಬ್‌ಸನ್ನೇಷನ್. ಅಪರೂಪದ ಇಂಗ್ಲಿಷ್ ಪದಗಳ ಪಟ್ಟಿಗಳು ಈಗ ಫೋನಿನಲ್ಲಿ ದಿನಾ ಬರುತ್ತವೆ. ಅಂಥ ಪಟ್ಟಿಯಲ್ಲಿ ಇದು ಸಿಕ್ಕರೆ ಪಕ್ಕದಲ್ಲಿ ‘ಅಪಹಾಸ್ಯ’ ಅಂತ ಒಂದೇ ಪದ ಬರೆದಿರುತ್ತದೆ. ಅದು ತಪ್ಪಲ್ಲ, ಆದರೆ ಅರ್ಧ ಅರ್ಥ ಮಾತ್ರ. ಉಳಿದ ಅರ್ಧ ತಿಳಿಯಬೇಕಾದರೆ ಈ ಪದ ಎಲ್ಲಿಂದ ಬಂತು ಅಂತ ನೋಡಬೇಕು.

ಪದದ ಒಳಗೆ ಏನಿದೆ?

ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಸನ್ನಾ’ ಅಂದರೆ ಅಣಕಿಸಲು ಮಾಡುವ ಸೊಟ್ಟ ಮುಖ. ಅದರ ಮುಂದೆ ‘ಸಬ್’ ಎಂಬ ಉಪಸರ್ಗ ಸೇರಿ ‘ಸಬ್‌ಸನ್ನಾರೆ’ ಎಂಬ ಕ್ರಿಯಾಪದ ಆಯಿತು. ಮುಖ ಸೊಟ್ಟ ಮಾಡಿ ಅಣಕಿಸು ಎಂದು ಅರ್ಥ. ಇಂಗ್ಲಿಷಿನವರು ಅದರ ನಾಮಪದವನ್ನು ತಗೊಂಡು ಸಬ್‌ಸನ್ನೇಷನ್ ಮಾಡಿಕೊಂಡರು. ಬರೆಯುವಾಗ ‘ಎನ್’ ಅಕ್ಷರ ನಡುವೆ ಎರಡು ಸಲ ಬರುತ್ತದೆ. ಹೇಳುವಾಗ ಒತ್ತು ‘ನೇ’ ಮೇಲೆ ಬೀಳುತ್ತದೆ.

ಈ ಪದವನ್ನು ನೆನಪಿಡಲು ಕನ್ನಡದವರಿಗೆ ಒಂದು ಅನುಕೂಲ ಇದೆ. ಪದವನ್ನು ನಿಧಾನವಾಗಿ ಹೇಳಿ ನೋಡಿ: ಸಬ್-ಸನ್ನೇ-ಷನ್. ನಡುವೆ ನಮ್ಮ ‘ಸನ್ನೆ’ ಕೇಳಿಸುತ್ತದೆ ಅಲ್ವಾ? ಸನ್ನೆಯಲ್ಲಿ ಮಾಡುವ ಅಣಕ ಅಂತ ಇಟ್ಟುಕೊಂಡರೆ ಅರ್ಥ ಮರೆಯುವುದೇ ಇಲ್ಲ. ಆದರೆ ಇವೆರಡಕ್ಕೂ ಸಂಬಂಧ ಇದೆ ಎಂದುಕೊಳ್ಳಬೇಡಿ. ನಮ್ಮ ಸನ್ನೆ ಸಂಸ್ಕೃತದ ‘ಸಂಜ್ಞೆ’ಯಿಂದ ಬಂದದ್ದು. ಲ್ಯಾಟಿನ್ನಿನ ಸನ್ನಾ ಬೇರೆಯೇ. ಎರಡೂ ಒಂದೇ ಥರ ಕೇಳಿಸುವುದು ಕಾಕತಾಳೀಯ.

ಸನ್ನಾದ ಮನೆಯಲ್ಲೇ ಹುಟ್ಟಿದ ಇನ್ನೊಂದು ಪದ ‘ಸನ್ನಿಯೋ’. ಅಂದರೆ ಮುಖ ಕುಣಿಸಿ ಜನರನ್ನು ನಗಿಸುವವನು, ವಿದೂಷಕ. ಭಾಷಣ ಕಲೆಯ ಬಗ್ಗೆ ಕ್ರಿ.ಪೂ. 55ರಲ್ಲಿ ಬರೆದ ಪುಸ್ತಕದಲ್ಲಿ ರೋಮಿನ ಹೆಸರಾಂತ ಭಾಷಣಕಾರ ಸಿಸೆರೊ ಈ ಸನ್ನಿಯೋನ ಮಾತು ತೆಗೆಯುತ್ತಾನೆ. ಅವನಿಗಿಂತ ನಗು ತರಿಸುವವರು ಯಾರಿದ್ದಾರೆ ಎಂದು ಕೇಳಿ, ಆ ನಗು ಹುಟ್ಟುವುದು ಅವನ ಮುಖದಿಂದ, ಇತರರ ನಡೆಯನ್ನು ಅನುಕರಿಸುವುದರಿಂದ, ದನಿಯಿಂದ, ಕೊನೆಗೆ ಇಡೀ ಮೈಯಿಂದ ಎನ್ನುತ್ತಾನೆ. ಭಾಷಣಕಾರ ಹಾಗೆ ನಗಿಸಬಾರದು ಎನ್ನುವುದು ಅವನ ಪಾಠ. ನಮಗೆ ಮುಖ್ಯವಾಗುವುದು ಬೇರೆ: ಸನ್ನಾ ಮನೆತನದ ಪದಗಳೆಲ್ಲ ಮುಖಕ್ಕೆ, ಮೈಗೆ ಅಂಟಿಕೊಂಡಿವೆ. ನಾಲಿಗೆಗಲ್ಲ.

ಬೆನ್ನ ಹಿಂದಿನ ಸನ್ನಾ

ಈ ಪದವನ್ನು ಕಣ್ಣಿಗೆ ಕಟ್ಟುವ ಹಾಗೆ ಬಳಸಿದವನು ರೋಮಿನ ಕವಿ ಪರ್ಸಿಯಸ್. ಅವನು ಬದುಕಿದ್ದು ಕ್ರಿ.ಶ. 34ರಿಂದ 62ರವರೆಗೆ, ಮೂವತ್ತು ವರ್ಷವೂ ಇಲ್ಲ. ಅವನ ಮೊದಲ ವಿಡಂಬನ ಕವಿತೆಯಲ್ಲಿ ಜೇನಸ್ ಎಂಬ ರೋಮನ್ ದೇವರನ್ನು ಕುರಿತ ಒಂದು ಮಾತಿದೆ. ಜೇನಸ್‌ಗೆ ಎರಡು ಮುಖ, ಒಂದು ಮುಂದೆ, ಇನ್ನೊಂದು ಹಿಂದೆ. ‘ಜೇನಸ್, ನೀನೇ ಪುಣ್ಯವಂತ, ನಿನ್ನ ಬೆನ್ನ ಹಿಂದೆ ಯಾರೂ ಅಣಕಿಸಲಾರರು’ ಎನ್ನುವುದು ಆ ಮಾತಿನ ಸಾರ.

ಹೇಗೆಲ್ಲ ಅಣಕಿಸಲಾರರು ಎಂದೂ ಕವಿ ಹೇಳುತ್ತಾನೆ. ಒಂದು, ಕೈಯನ್ನು ಕೊಕ್ಕರೆಯ ಕೊಕ್ಕಿನ ಹಾಗೆ ಮಾಡಿ ಬೆನ್ನ ಹಿಂದೆ ಕುಕ್ಕುವ ನಟನೆ. ಇನ್ನೊಂದು, ಕೈಗಳನ್ನು ಕತ್ತೆಯ ಬಿಳಿ ಕಿವಿಯ ಹಾಗೆ ಅಲ್ಲಾಡಿಸುವುದು. ಮತ್ತೊಂದು, ಬಾಯಾರಿದ ನಾಯಿಯ ಹಾಗೆ ನಾಲಿಗೆ ಉದ್ದಕ್ಕೆ ಚಾಚುವುದು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಪಟ್ಟಿ ಇದು. ತಲೆ ಹಿಂದೆ ಎರಡು ಬೆರಳು ಹಿಡಿದು ಕೊಂಬು ತೋರಿಸುವ ಮಕ್ಕಳನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಕೊನೆಗೆ ಕವಿ ದೊಡ್ಡ ಮನೆತನದವರ ಕಡೆ ತಿರುಗುತ್ತಾನೆ. ತಲೆಯ ಹಿಂಭಾಗಕ್ಕೆ ಕಣ್ಣಿಲ್ಲದೆ ಬದುಕುವ ನೀವು ಹಿಂದೆ ತಿರುಗಿ, ಬೆನ್ನಿಗೆ ಬೀಳುತ್ತಿರುವ ಸನ್ನಾವನ್ನು ಎದುರಿಸಿ ಎನ್ನುತ್ತಾನೆ.

ಈ ಸಾಲು ಓದುವಾಗಲೆಲ್ಲ ನನಗೆ ಶಾಲೆಯ ಒಂದು ದಿನ ನೆನಪಾಗುತ್ತದೆ. ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದೆ. ಬೆನ್ನು ತರಗತಿಯ ಕಡೆಗಿತ್ತು. ಹಿಂದಿನಿಂದ ಮುಸಿಮುಸಿ ನಗು ಕೇಳಿಸಿತು. ತಿರುಗಿ ನೋಡಿದರೆ ಎಲ್ಲರ ತಲೆಯೂ ಪುಸ್ತಕದೊಳಗೆ. ಮತ್ತೆ ಹಲಗೆಯ ಕಡೆ ತಿರುಗಿದೆ, ಮತ್ತೆ ಅದೇ ನಗು. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಮೇಷ್ಟ್ರು ‘ಯಾರು ಏನಂದ್ರು?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜಕ್ಕೂ ಯಾರೂ ಏನೂ ಅಂದಿರಲಿಲ್ಲ.

ಮುಖದಲ್ಲಿ ಮಾಡುವ ಅಣಕಕ್ಕೆ ಬೇರೆ ಹೆಸರು ಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ. ಆಡಿದ ಮಾತನ್ನು ಇನ್ನೊಬ್ಬರಿಗೆ ಹಾಗೇ ತಿರುಗಿ ಹೇಳಬಹುದು, ‘ಹೀಗಂದರು’ ಎಂದು ದೂರು ಕೊಡಬಹುದು. ಮುರಿದ ಮೂಗನ್ನು ತಿರುಗಿ ಹೇಳುವುದು ಹೇಗೆ? ಮಾಡಿದವರು ‘ನಾನು ಸುಮ್ನೆ ಕೂತಿದ್ದೆ’ ಎಂದರೆ ಅಲ್ಲಿಗೆ ಮುಗಿಯಿತು.

ಮೂಗೇ ಯಾಕೆ?

ಕನ್ನಡದಲ್ಲಿ ನಾವು ‘ಮೂಗು ಮುರಿದ’ ಎನ್ನುತ್ತೇವೆ. ಗ್ರೀಕರೂ ಇದನ್ನೇ ಹೇಳುತ್ತಿದ್ದರು. ಗ್ರೀಕ್‌ನಲ್ಲಿ ‘ಮುಕ್ಟೇರ್’ ಅಂದರೆ ಮೂಗಿನ ಹೊಳ್ಳೆ. ಅದರಿಂದ ‘ಮುಕ್ಟೇರಿಜೈನ್’ ಎಂಬ ಕ್ರಿಯಾಪದ ಬಂತು, ಅರ್ಥ ಮೂಗು ಮುರಿದು ಅಣಕಿಸು. ಇದರಿಂದಲೂ ಇಂಗ್ಲಿಷಿಗೆ ಒಂದು ಅಪರೂಪದ ಪದ ಸಿಕ್ಕಿತು: ಮಿಕ್ಟರಿಸಮ್. ಸಬ್‌ಸನ್ನೇಷನ್ ಮತ್ತು ಮಿಕ್ಟರಿಸಮ್ ಹತ್ತಿರದ ನೆಂಟರು. ಮೊದಲನೆಯದು ಇಡೀ ಮುಖದ ಪದ, ಎರಡನೆಯದು ಮೂಗಿನ ಪದ.

ಕನ್ನಡಿಯ ಮುಂದೆ ನಿಂತು ಒಮ್ಮೆ ಮೂಗು ಮುರಿದು ನೋಡಿ. ಮೂಗಿನ ಪಕ್ಕ, ಕೆನ್ನೆ ಶುರುವಾಗುವ ಕಡೆ ಬೆರಳಿಡಿ. ಚರ್ಮ ಮಡಿಚಿಕೊಂಡು ಮೇಲೆ ಸರಿಯುವುದು ಬೆರಳಿಗೆ ತಿಳಿಯುತ್ತದೆ. ಹೊಳ್ಳೆಯ ಜೊತೆಗೇ ಮೇಲ್ದುಟಿಯೂ ಏಳುತ್ತದೆ. ಕಾರಣ, ಎರಡನ್ನೂ ಎಳೆಯುವುದು ಒಂದೇ ಸ್ನಾಯು. ವೈದ್ಯರು ಅದಕ್ಕೆ ಲ್ಯಾಟಿನ್‌ನಲ್ಲಿ ಕೊಟ್ಟ ಹೆಸರು ಬಹಳ ಉದ್ದ: ಲೆವೇಟರ್ ಲೇಬಿಯೈ ಸುಪೀರಿಯೋರಿಸ್ ಅಲೀಕ್ವೆ ನೇಸೈ. ಬಿಡಿಸಿ ಹೇಳಿದರೆ ‘ಮೇಲ್ದುಟಿಯನ್ನೂ ಮೂಗಿನ ರೆಕ್ಕೆಯನ್ನೂ ಎತ್ತುವಂಥದ್ದು’.

ಕೆಟ್ಟ ವಾಸನೆ ಬಂದಾಗಲೂ ಮುಖ ಹೀಗೇ ಆಗುತ್ತದೆ. ಚಾರ್ಲ್ಸ್ ಡಾರ್ವಿನ್ ಇದನ್ನು ಗಮನಿಸಿದ್ದ. ಮನುಷ್ಯರೂ ಪ್ರಾಣಿಗಳೂ ಭಾವನೆಗಳನ್ನು ಹೇಗೆ ತೋರಿಸುತ್ತವೆ ಎಂಬ ಬಗ್ಗೆ 1872ರಲ್ಲಿ ಅವನು ಒಂದು ಪುಸ್ತಕ ಪ್ರಕಟಿಸಿದ. ತಿರಸ್ಕಾರದಲ್ಲಿ ಮೂಗು ಮತ್ತು ಬಾಯಿ ಆಡುವ ರೀತಿ, ನಾತ ಬಂದಾಗ ಅವು ಆಡುವ ರೀತಿಯನ್ನೇ ಹೋಲುತ್ತದೆ ಎಂದು ಅದರಲ್ಲಿ ಬರೆದ. ಹೀಗೆ ನೋಡಿದರೆ ಮೂಗು ಮುರಿಯುವವರು ಬಾಯಿ ತೆರೆಯದೆ ಹೇಳುವುದು ಇಷ್ಟೇ: ನಿನ್ನಿಂದ ನಾತ ಬರುತ್ತಿದೆ. ಅದು ಅಷ್ಟು ಆಳಕ್ಕೆ ಇಳಿಯುವುದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ. ಒಂದೇ ಕಡೆಯ ತುಟಿ ಎತ್ತಿ ಕೋರೆಹಲ್ಲು ತೋರಿಸುವ ಮುಖದ ಬಗ್ಗೆಯೂ ಅವನು ಬರೆದಿದ್ದಾನೆ. ನಾಯಿ ಗುರುಗುಟ್ಟುವಾಗ ಕಾಣುವುದೂ ಅದೇ ಹಲ್ಲು.

ಒಂದು ಸಾಲು, ಹಲವು ಭಾಷೆ

ಸಬ್‌ಸನ್ನೇಷನ್ ಇಂಗ್ಲಿಷಿನವರ ಕಿವಿಗೆ ಬೀಳಲು ಬೈಬಲ್ ಒಂದು ದೊಡ್ಡ ಕಾರಣ ಎನ್ನಬಹುದು. ಲ್ಯಾಟಿನ್ ಬಲ್ಲ ಪಾದ್ರಿಗಳಿಗೆ, ವಿದ್ವಾಂಸರಿಗೆ ಈ ಕ್ರಿಯಾಪದ ಚೆನ್ನಾಗಿ ಗೊತ್ತಿತ್ತು. ಬೈಬಲಿನ ‘ಕೀರ್ತನೆಗಳು’ ಎಂಬ ಭಾಗದ ಎರಡನೇ ಅಧ್ಯಾಯದ ನಾಲ್ಕನೇ ವಚನದಲ್ಲೇ ಅದು ಇದೆ. ಭೂಮಿಯ ಅರಸರು ದೇವರ ವಿರುದ್ಧ ಒಟ್ಟುಗೂಡಿದ್ದಾರೆ, ಸ್ವರ್ಗದಲ್ಲಿ ಕೂತಿರುವವನು ಅದನ್ನು ಕಂಡು ನಗುತ್ತಾನೆ, ಅವರನ್ನು ಅಣಕಿಸುತ್ತಾನೆ. ಇದು ಆ ಸಾಲಿನ ಸಾರ.

ಮೂಲ ಹೀಬ್ರೂ. ಅದನ್ನು ಗ್ರೀಕ್‌ಗೆ ತಂದವರು ‘ಅಣಕಿಸುತ್ತಾನೆ’ ಎನ್ನುವಲ್ಲಿ ಆ ಮೂಗಿನ ಕ್ರಿಯಾಪದವನ್ನೇ ಹಾಕಿದರು. ಲ್ಯಾಟಿನ್ ಬೈಬಲಿನಲ್ಲಿ ಅದೇ ಜಾಗಕ್ಕೆ ಬಂದದ್ದು ‘ಸಬ್‌ಸನ್ನಾಬಿಟ್’. ಮೂಗು ಹೋಗಿ ಸೊಟ್ಟ ಮುಖ ಬಂತು, ಆದರೂ ಅಣಕ ಮುಖದ ಮೇಲೇ ಉಳಿಯಿತು. 14ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಧರ್ಮಸುಧಾರಕ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಲ್ಯಾಟಿನ್ನಿಂದ ಇಂಗ್ಲಿಷಿಗೆ ತಂದಾಗ ಇಲ್ಲಿ ‘ಬಿಮೋವ್’ ಎಂಬ ಪದ ಬಳಸಿದರು. ಆಗಿನ ಇಂಗ್ಲಿಷಿನಲ್ಲಿ ‘ಮೋ’ ಅಂದರೆ ಮುಖ ಸೊಟ್ಟ ಮಾಡುವುದು. ಅಂದರೆ ಅವರೂ ಮುಖವನ್ನು ಬಿಟ್ಟುಕೊಡಲಿಲ್ಲ. ನನಗೆ ಈ ಅನುವಾದಕರ ಮೇಲೆ ತುಂಬಾ ಗೌರವ. ಸುಲಭದ ಪದ ಕೈಯಲ್ಲೇ ಇದ್ದರೂ ಸರಿಯಾದ ಪದಕ್ಕೆ ಹುಡುಕಾಡಿದ್ದಾರೆ.

1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಆ ಜಾಗದಲ್ಲಿ ‘ಡಿರಿಷನ್’ ಇದೆ. ಇದೂ ಲ್ಯಾಟಿನ್ ಮೂಲದ್ದೇ, ‘ನಗು’ ಎಂಬ ಧಾತುವಿನಿಂದ ಹುಟ್ಟಿದ್ದು. ಮೂಗು, ತುಟಿ, ಸೊಟ್ಟ ಮುಖ ಯಾವುದೂ ಉಳಿಯಲಿಲ್ಲ. ಉಳಿದದ್ದು ತಿರಸ್ಕಾರದ ನಗು. ಹಾಗಂತ ಆ ಬೈಬಲ್ ಮುಖವನ್ನು ಪೂರ್ತಿ ಮರೆತಿಲ್ಲ. 22ನೇ ಕೀರ್ತನೆಯಲ್ಲಿ ಕಷ್ಟದಲ್ಲಿರುವವನು ‘ನನ್ನನ್ನು ಕಂಡವರೆಲ್ಲ ನಗುತ್ತಾರೆ, ತುಟಿ ಚಾಚುತ್ತಾರೆ, ತಲೆ ಆಡಿಸುತ್ತಾರೆ’ ಎಂದು ಗೋಳಿಡುತ್ತಾನೆ. ಅಲ್ಲಿ ಸನ್ನೆಯನ್ನು ಬಿಡಿಬಿಡಿಯಾಗಿ ಹೇಳಿದ್ದಾರೆ.

ಹೊಸ ಒಡಂಬಡಿಕೆಯಲ್ಲೂ ಮೂಗಿನ ಪದ ಒಂದು ಕಡೆ ಬರುತ್ತದೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ‘ದೇವರನ್ನು ಅಣಕಿಸಲಾಗದು’ ಎಂಬ ಮಾತಿದೆ. ಗ್ರೀಕ್‌ನಲ್ಲಿ ಓದಿದವರಿಗೆ ಅದು ‘ದೇವರ ಮುಂದೆ ಮೂಗು ಮುರಿದು ದಕ್ಕಿಸಿಕೊಳ್ಳಲಾರಿರಿ’ ಎಂಬಂತೆ ಕೇಳಿಸುತ್ತದೆ.

1589ರ ಒಂದು ಪಟ್ಟಿ

ಅಣಕದಲ್ಲಿ ಎಷ್ಟು ಬಗೆ? ಇದನ್ನು ಆಸಕ್ತಿಯಿಂದ ವಿಂಗಡಿಸಿದ ಪುಸ್ತಕವೊಂದು 1589ರಲ್ಲಿ ಲಂಡನ್ನಿನಲ್ಲಿ ಬಂತು. ಇಂಗ್ಲಿಷ್ ಕಾವ್ಯದ ಕಲೆಯ ಬಗ್ಗೆ ಬರೆದದ್ದು. ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಬರೆದವನು ಜಾರ್ಜ್ ಪಟನಮ್ ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಗ್ರೀಕ್ ಹೆಸರು ಕೇಳಿ ಓದುಗರು ಕಂಗಾಲಾಗಬಾರದು ಎಂದು ಅವನು ಪ್ರತಿಯೊಂದಕ್ಕೂ ಒಂದು ಇಂಗ್ಲಿಷ್ ಅಡ್ಡಹೆಸರು ಕೊಟ್ಟ.

ಐರನಿ ಅವನ ಪ್ರಕಾರ ‘ಒಣ ಅಣಕ’. ಸಾರ್ಕಾಸಮ್ ‘ಕಹಿ ಮೂದಲಿಕೆ’. ಗ್ರೀಕ್‌ನಲ್ಲಿ ಅದರ ಬೇರು ಮಾಂಸ ಹರಿಯುವುದಕ್ಕೆ ಸಂಬಂಧಿಸಿದ್ದು, ಹಾಗಾಗಿ ಕಹಿ ಎಂದದ್ದು ಸರಿಯಾಗಿದೆ. ಕುಳ್ಳನನ್ನು ಕಂಡು ‘ನೋಡು, ಅಲ್ಲಿ ದೈತ್ಯ ಬಂದ’ ಎನ್ನುವುದು ಇನ್ನೊಂದು ಬಗೆ, ಅದಕ್ಕೆ ‘ನೇರಾನೇರ ಲೇವಡಿ’ ಎಂಬರ್ಥದ ಹೆಸರು. ನಯವಾಗಿ ಆಡಿ ನೋಯಿಸುವುದಕ್ಕೆ ‘ಗುಟ್ಟಿನ ಚಿವುಟು’ ಎನ್ನುತ್ತಾನೆ. ಯಾರಿಗೂ ಕಾಣದ ಹಾಗೆ ಮೇಜಿನ ಕೆಳಗೆ ಚಿವುಟಿದ ಹಾಗೆ.

ನಮ್ಮ ಮಿಕ್ಟರಿಸಮ್ ಕೂಡ ಅಲ್ಲಿದೆ. ಪಟನಮ್ ಅದನ್ನು ಹೆಚ್ಚುಕಡಿಮೆ ಚಿತ್ರ ಬರೆದ ಹಾಗೆ ವಿವರಿಸುತ್ತಾನೆ: ತಿರಸ್ಕಾರದ ಮುಖ, ಕೊಂಚ ನಗು, ಪಕ್ಕಕ್ಕೆ ಒಂದು ನೋಟ, ಸೊಟ್ಟಗೆ ಎಳೆದ ತುಟಿ, ಸುಕ್ಕುಗಟ್ಟಿದ ಮೂಗು. ಅವನು ಕೊಡುವ ಉದಾಹರಣೆಯಲ್ಲಿ ಒಬ್ಬ ಇನ್ನೊಬ್ಬನ ಮಾತನ್ನು ನಂಬುವುದಿಲ್ಲ. ಆದರೆ ಬಾಯಲ್ಲಿ ಹೇಳುವುದು ‘ಅದರಲ್ಲೇನು ಅನುಮಾನ ಸ್ವಾಮಿ’ ಎಂದು. ಈ ಮಾತನ್ನು ಕಾಗದದ ಮೇಲೆ ಬರೆದರೆ ಪೂರ್ತಿ ಮರ್ಯಾದೆಯ ಮಾತು. ಅಣಕ ಇರುವುದು ಮೂಗಿನಲ್ಲಿ ಮಾತ್ರ. ಮುಖ ಕಾಣದ ಚಿಕ್ಕ ಸಂದೇಶಗಳಲ್ಲಿ ಇವತ್ತು ಇಷ್ಟೊಂದು ಅಪಾರ್ಥ ಆಗುವುದೂ ಇದರಿಂದಲೇ. ‘ಸರಿ, ನೀವು ಹೇಳಿದ ಹಾಗೇ ಆಗಲಿ’ ಎಂದು ಬಂದರೆ ಅದು ಒಪ್ಪಿಗೆಯೋ ಮೂಗು ಮುರಿದದ್ದೋ ಗೊತ್ತಾಗುವುದಿಲ್ಲ.

ಇಂಗ್ಲಿಷಿನಲ್ಲಿ ಯಾಕೆ ನಿಲ್ಲಲಿಲ್ಲ?

16 ಮತ್ತು 17ನೇ ಶತಮಾನದಲ್ಲಿ ಇಂಗ್ಲಿಷಿನ ವಿದ್ವಾಂಸರು ಲ್ಯಾಟಿನ್ನಿಂದ ರಾಶಿ ರಾಶಿ ಪದ ತಂದರು. ಬೇಡವೆಂದವರೂ ಇದ್ದರು. ಅವರು ಇಂಥವನ್ನು ‘ಇಂಕ್‌ಹಾರ್ನ್’ ಪದಗಳು, ಅಂದರೆ ಮಸಿಕುಡಿಕೆಯ ಪದಗಳು ಎಂದು ಕರೆದರು. ಬರೆಯಲು ಜಾಸ್ತಿ ಮಸಿ ಬೇಕು, ಆಡಲು ಯಾರಿಗೂ ಬೇಡ ಎನ್ನುವ ಭಾವ. ಇಷ್ಟೊಂದು ಹೊಸ ಪದ ಬಂದಾಗ ಅರ್ಥ ಹೇಳುವ ಪುಸ್ತಕವೂ ಬೇಕಾಯಿತು. ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಮೊದಲ ನಿಘಂಟು ಎಂದು ಹೆಸರಾದ ರಾಬರ್ಟ್ ಕಾಡ್ರಿಯ ಪುಸ್ತಕ 1604ರಲ್ಲಿ ಬಂತು. ಅದರಲ್ಲಿ ಇದ್ದದ್ದು ಸುಮಾರು 2,500 ಪದ, ಅದೂ ಕಷ್ಟದ ಪದಗಳು ಮಾತ್ರ.

ಹಾಗೆ ಬಂದವುಗಳಲ್ಲಿ ಎಷ್ಟೋ ಪದ ಮನೆಮಾತಾದವು. ಸಬ್‌ಸನ್ನೇಷನ್ ಆಗಲಿಲ್ಲ. 17ನೇ ಶತಮಾನದಲ್ಲಿ ಕೇಂಬ್ರಿಜ್‌ನ ದಾರ್ಶನಿಕ ಹೆನ್ರಿ ಮೋರ್ ಅದನ್ನು ಬಳಸಿದ್ದಾನೆ. 1913ರ ವೆಬ್‌ಸ್ಟರ್ ನಿಘಂಟು ಈ ಪದದ ಮುಂದೆ ಅವನ ಹೆಸರನ್ನೂ, ‘ಬಳಕೆ ತಪ್ಪಿದ್ದು’ ಎಂಬ ಗುರುತನ್ನೂ ಕೊಟ್ಟಿದೆ.

ನನಗೆ ಕಾಣುವ ಕಾರಣ ಎರಡು. ಡಿರಿಷನ್‌ಗೆ ಒಂದು ಕುಟುಂಬ ಇದೆ: ಡಿರೈಡ್ ಎಂಬ ಕ್ರಿಯಾಪದ, ಡಿರೈಸಿವ್ ಎಂಬ ವಿಶೇಷಣ. ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ಬರುತ್ತದೆ. ಸಬ್‌ಸನ್ನೇಷನ್‌ಗೆ ಹೀಗೆ ಬಳಕೆಯಲ್ಲಿ ಬೇರೂರಿದ ಒಡಹುಟ್ಟಿದವರಿಲ್ಲ. ಒಂಟಿ ಪದಗಳು ಬೇಗ ಮರೆತುಹೋಗುತ್ತವೆ.

ಎರಡನೆಯದು ಇನ್ನೂ ಮುಖ್ಯ. ಅದೇ ಕೆಲಸ ಮಾಡುವ ಚಿಕ್ಕ ಪದ ಇಂಗ್ಲಿಷಿನಲ್ಲೇ ಬೆಳೆಯುತ್ತಿತ್ತು: ಸ್ನೀರ್. ಇಂಗ್ಲಿಷಿನಲ್ಲಿ ‘ಸ್ನ್’ ಸದ್ದಿನಿಂದ ಶುರುವಾಗುವ ಎಷ್ಟು ಪದಗಳಿಗೆ ಮೂಗಿನ ನಂಟಿದೆ ನೋಡಿ. ಸ್ನಿಫ್ ಅಂದರೆ ಮೂಸುವುದು, ಸ್ನಾರ್ಟ್ ಅಂದರೆ ಮೂಗಿನಿಂದ ಬುಸ್ಸೆನ್ನುವುದು, ಸ್ನೋರ್ ಅಂದರೆ ಗೊರಕೆ, ಸ್ನೌಟ್ ಅಂದರೆ ಪ್ರಾಣಿಯ ಮೂತಿ. ಸ್ನಿಗರ್ ಅಂದರೆ ಮೂಗಿನೊಳಗೇ ಅದುಮಿಟ್ಟ ನಗು. ಆ ಸದ್ದೇ ಮೂಗಿನಿಂದ ಹೊರಡುತ್ತದೆ. ಇಂಥ ಮನೆಯೊಳಗಿನ ಪದ ಇರುವಾಗ ನಾಲ್ಕು ಉಚ್ಚಾರಾಂಶದ ಲ್ಯಾಟಿನ್ ಪದವನ್ನು ಯಾರು ಆಡುತ್ತಾರೆ?

ಈಗ ಸಿಕ್ಕರೆ ಏನು ಮಾಡಬೇಕು?

ಈ ಪದ ನಿಮಗೆ ಎದುರಾಗುವುದು ಹೆಚ್ಚಾಗಿ ಹಳೆಯ ಧರ್ಮಗ್ರಂಥದ ವ್ಯಾಖ್ಯಾನದಲ್ಲಿ, ದೊಡ್ಡ ನಿಘಂಟಿನಲ್ಲಿ ಅಥವಾ ಪದಗಳ ಆಟದಲ್ಲಿ. ದಿನದ ಮಾತಿಗೆ ಇದನ್ನು ತರಬೇಡಿ. ಇಂಗ್ಲಿಷ್ ಮನೆಮಾತಾಗಿರುವವರಿಗೂ ಗೊತ್ತಿರುವುದು ಕಡಿಮೆ. ತಮಾಷೆಗೆ ಇದು ಒಗ್ಗುವುದಿಲ್ಲ. ಗೆಳೆಯರು ಒಬ್ಬರನ್ನೊಬ್ಬರು ಕಿಚಾಯಿಸುವುದು ಸಬ್‌ಸನ್ನೇಷನ್ ಅಲ್ಲ. ಇದರಲ್ಲಿ ಕೀಳಾಗಿ ಕಾಣುವ ಭಾವ ಇರಲೇಬೇಕು.

ಕನ್ನಡಕ್ಕೆ ತರುವಾಗ ಮೊದಲು ಸಂದರ್ಭ ನೋಡಬೇಕು. ಬರೆದವರ ಮನಸ್ಸಿನಲ್ಲಿ ಬರೀ ತಿರಸ್ಕಾರ ಇದ್ದರೆ ‘ಅಪಹಾಸ್ಯ’, ‘ಹೀಯಾಳಿಕೆ’ ಸಾಕು. ಹಳೆಯ ಇಂಗ್ಲಿಷ್ ಬರಹಗಾರರಲ್ಲಿ ಹಲವರು ಅಷ್ಟನ್ನೇ ಉದ್ದೇಶಿಸಿರಬಹುದು. ಮುಖ, ಮೈ, ಸನ್ನೆ ಕಾಣುತ್ತಿದ್ದರೆ ಮಾತ್ರ ನಮ್ಮ ಬೇರೆ ಪದಗಳನ್ನು ಹುಡುಕಬೇಕು. ನಮ್ಮಲ್ಲಿ ಅವಕ್ಕೆ ಬರ ಇಲ್ಲ. ಮೂಗು ಮುರಿಯುವುದು, ಮೂತಿ ತಿರುವುವುದು, ತುಟಿ ಕೊಂಕಿಸುವುದು ಎಲ್ಲ ಇವೆ. ‘ಕೊಂಕು’ ಎಂಬ ಪದಕ್ಕೇ ಡೊಂಕು ಎನ್ನುವ ಅರ್ಥ ಇದೆ. ಇನ್ನು ‘ಅಣಕಿಸು’ ಅಂದಾಗ ಇನ್ನೊಬ್ಬರ ನಡೆ, ದನಿ, ಮುಖವನ್ನು ಅನುಕರಿಸಿ ತೋರಿಸುವ ಭಾವ ಅದರೊಳಗೇ ಬರುತ್ತದೆ. ಸಿಸೆರೊ ಹೇಳಿದ ಸನ್ನಿಯೋ ಮಾಡುತ್ತಿದ್ದುದೂ ಇದನ್ನೇ. ‘ಮೂದಲಿಸು’, ‘ಹಂಗಿಸು’ ಇಲ್ಲಿ ಹೊಂದುವುದಿಲ್ಲ, ಅವಕ್ಕೆ ಮಾತು ಬೇಕೇ ಬೇಕು.

ಒಂದು ವಾಕ್ಯ ತಗೊಳ್ಳಿ: ‘ಸಾಕ್ಷಿ ಹೇಳುತ್ತಿದ್ದ ಮುದುಕಿಯನ್ನು ಅವರು ಸಬ್‌ಸನ್ನೇಷನ್‌ನಿಂದ ಎದುರುಗೊಂಡರು’. ‘ಅಪಹಾಸ್ಯ ಮಾಡಿದರು’ ಎಂದು ತಂದರೆ ಓದುವವರು ಅಲ್ಲೊಂದು ಗೇಲಿಯ ಮಾತನ್ನು ಕಲ್ಪಿಸಿಕೊಳ್ಳುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಮುದುಕಿ ಸಾಕ್ಷಿ ಹೇಳುತ್ತಿದ್ದಳು. ಅವರು ಮೂಗು ಮುರಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.’